ಮರಳಿನ ಮೂಲೆ

“ಈ ಮೂಲೆ ಮನೇಲಿ ನಾನೇನೂ ಇಟ್ಟಿರಲಿಲ್ಲ ತಾನೆ?”

ಟೀಚರ್ ಕೇಳಿದ್ದು ಯಾರನ್ನೂ ಅಲ್ಲ. ಶುಕ್ರವಾರ, ಮೊದಲ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಶಾಲೆಯ ಹಿಂದಿನ ಮರಳುಗುಂಡಿಯ ಬಳಿ ಅವರೊಬ್ಬರೇ ನಿಂತಿದ್ದರು. ಒಂದು ಕಾಲಕ್ಕೆ ಉದ್ದಜಿಗಿತಕ್ಕೆಂದು ತೋಡಿದ ಗುಂಡಿ ಅದು. ಸುತ್ತ ಗೂಟ ಹೊಡೆದು, ಸೆಣಬಿನ ದಾರ ಬಿಗಿದು, ಅದನ್ನು ಹನ್ನೆರಡು ಚೌಕ ಮಾಡಿದ್ದರು. ಮಕ್ಕಳು ಕುಂಟಾಬಿಲ್ಲೆಯ ರೂಢಿಯಲ್ಲಿ ಅವನ್ನು ಮನೆಗಳು ಎನ್ನುತ್ತಿದ್ದವು. ನಿನ್ನೆ ಸಂಜೆ ಹನ್ನೊಂದು ಮನೆಗಳಲ್ಲಿ ಒಂದೊಂದು ವಸ್ತು ಹೂತಿದ್ದರು: ಒಡೆದ ಮಡಕೆಯ ಚೂರು, ಕುದಿಸಿ ಬಿಳಿ ಮಾಡಿದ ಮೂಳೆ, ಕಪ್ಪೆಚಿಪ್ಪು, ಚೂಪಾದ ಕಲ್ಲು. ಆಮೇಲೆ ಇಡೀ ಗುಂಡಿಯ ಮೇಲೆ ಕಡ್ಡಿಪೊರಕೆ ಆಡಿಸಿದ್ದರು. ಆ ಗೆರೆಗಳು ಹಾಗೇ ಇದ್ದವು. ಗೋಡೆ ಬದಿಯ ಮೂಲೆಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿನ ಮರಳನ್ನು ಯಾರೋ ಅಂಗೈಯಿಂದ ತಟ್ಟಿ ತಟ್ಟಿ ನುಣುಪು ಮಾಡಿದ್ದರು. ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವ ಹಾಗೆ.

ಆ ಮನೆಯನ್ನು ಟೀಚರ್ ಪ್ರತಿವರ್ಷ ಬೇಕೆಂದೇ ಖಾಲಿ ಬಿಡುತ್ತಿದ್ದರು. ಅಗೆಯುವವರಿಗೆ ಏನೂ ಸಿಗದೆ ಇರುವುದನ್ನೂ ಕಲಿಸಬೇಕು ಎಂಬುದು ಅವರ ಪಟ್ಟು. ಖಾಲಿ ಮನೆ ಯಾವುದು ಎನ್ನುವ ಗುಟ್ಟು ಅಣ್ಣ ಅಕ್ಕಂದಿರ ಬಾಯಿಂದ ಹೇಗೋ ಮುಂದಿನ ವರ್ಷದವರಿಗೆ ದಾಟುತ್ತಿತ್ತು. ಚೀಟಿ ಎತ್ತಿದಾಗ ಅದು ಬಂದವರು ಮುಖ ಊದಿಸಿಕೊಳ್ಳುತ್ತಿದ್ದರು. ಈ ಸಲ, ನಿನ್ನೆ ಮಧ್ಯಾಹ್ನ ಚೀಟಿ ಸುರುಳಿ ಸುತ್ತುವ ಮೊದಲೇ ಕಿಟಕಿ ಪಕ್ಕದ ಹುಡುಗಿ ಬಂದು, ಮೂಲೆಯದು ನನಗಿರಲಿ ಎಂದಿದ್ದಳು. ಗಂಟೆ ಹೊಡೆಯಿತು. ಯಾರೋ ಮಕ್ಕಳು ಆಡಿರಬೇಕು ಎಂದುಕೊಂಡು ಟೀಚರ್ ಒಳಗೆ ನಡೆದರು.

ಆ ವಾರವೆಲ್ಲ ತರಗತಿಯಲ್ಲಿ ಆದಿಮಾನವರದೇ ಕಾರುಬಾರು. ಸೋಮವಾರ ಗೋಡೆಯುದ್ದಕ್ಕೂ ಕಾಗದದ ಸುರುಳಿ ಬಿಚ್ಚಿ ಅಂಟಿಸಿ, ಮನುಷ್ಯ ಅಕ್ಷರ ಬರೆಯತೊಡಗಿದ್ದು ಅದರ ಕೊನೆಯ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ ಎಂದು ಟೀಚರ್ ತೋರಿಸಿದರು. ಮಿಕ್ಕದ್ದೆಲ್ಲ ಬರಿ ಕಂದು ಕಾಗದ. ಮಂಗಳವಾರ ಕಲ್ಲಿಗೆ ಕಲ್ಲು ಕುಟ್ಟಿದರು. ಬುಧವಾರ ಬೆಂಚುಗಳ ಮೇಲೆ ಕಪ್ಪು ಪರದೆ ಹೊದಿಸಿ ಗುಹೆ ಮಾಡಿ, ಒಬ್ಬೊಬ್ಬರೇ ಒಳಗೆ ತೆವಳಿ, ಕೆಂಪು ಬಣ್ಣದಲ್ಲಿ ಕೈ ಅದ್ದಿ ಒತ್ತಿ ಬಂದರು. ಗುರುವಾರ ಸತ್ತವರ ಪಾಠ.

“ಮಲಗಿದ ಹಾಗೆ ಮಗ್ಗುಲಿಗೆ ಇಡ್ತಿದ್ರು,” ಟೀಚರ್ ಹೇಳಿದ್ದರು. “ಮೊಣಕಾಲು ಮಡಚಿ. ಕೊರಳಿಗೆ ಮಣಿ, ಪಕ್ಕದಲ್ಲಿ ತಿನ್ನೋದಕ್ಕೆ ಏನಾದ್ರೂ. ಯಾಕಿರಬಹುದು?”

“ದಾರಿಗೆ ಹಸಿವಾಗುತ್ತೆ ಅಂತ,” ಎಂದ ವಕೀಲ. ಹೂಂ ಎನ್ನಬೇಕಾದಲ್ಲೂ ವಾದ ಹೂಡುವ ಹುಡುಗನಿಗೆ ತರಗತಿ ಕೊಟ್ಟ ಬಿರುದು ಅದು.

“ಇರಬಹುದು. ಮತ್ತೆ ಎದ್ದು ಬಂದಾಗ ಬೇಕಾಗುತ್ತೆ ಅಂತಲೂ ಇರಬಹುದು. ಅವರು ಬರೆದಿಡಲಿಲ್ಲ ನೋಡಿ. ನಮಗೆ ಗೊತ್ತಿಲ್ಲ.”

“ಎಷ್ಟು ದಿನಕ್ಕೆ ಏಳ್ತಾರೆ ಟೀಚರ್?”

ಕೇಳಿದ್ದು ಇಲಿಮರಿ. ಕಿಟಕಿಯ ಪಕ್ಕ ಕೂರುವ ಹುಡುಗಿಯನ್ನು ಶಾಲೆಯೆಲ್ಲ ಹಾಗೇ ಕರೆಯುತ್ತಿತ್ತು. ಐದು ತಿಂಗಳಿಂದ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಂದನೇ ತರಗತಿಯಲ್ಲಿದ್ದ ತಂಗಿ ನಾಲ್ಕೇ ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ಅದೇ ಜ್ವರದಲ್ಲಿ ಅವರ ತಾಯಿ ಪಕ್ಕದ ವಾರ್ಡಿನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ಕಣ್ಣು ಬಿಡುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಲಾರಿ ಓಡಿಸುವ ತಂದೆ ಕಿರಿಯವಳ ಬಟ್ಟೆಬರೆಯನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಜಡಿದು, ಮತ್ತೆ ರಸ್ತೆ ಹಿಡಿದಿದ್ದ. ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು.

ಐದು ತಿಂಗಳ ಮೇಲೆ ಕೇಳಿಸಿದ ದನಿ. ಅದನ್ನು ಮತ್ತೆ ಅಡಗಿಸಲು ಟೀಚರಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬಿಡುವಿನ ಗಂಟೆ ಬೇರೆ ಹೊಡೆಯಿತು. “ಅದು ಅವರವರಿಗೆ ಬಿಟ್ಟಿದ್ದು ಪುಟ್ಟಾ,” ಎಂದು ಹೇಳಿ, ಕೆನ್ನೆ ತಟ್ಟಿ, ಹಾಜರಿ ಪುಸ್ತಕ ಕಂಕುಳಿಗೆ ಸೇರಿಸಿ ಹೊರಟುಬಿಟ್ಟಿದ್ದರು.

ಶುಕ್ರವಾರ ಎರಡನೆಯ ಪಿರಿಯಡ್ಡಿಗೆ ಇಪ್ಪತ್ತನಾಲ್ಕು ಮಕ್ಕಳು ಬಣ್ಣದ ಬ್ರಷ್ಷು, ಹಳೆಯ ಚಮಚ ಹಿಡಿದು ಗುಂಡಿಗೆ ಇಳಿದರು. ಮನೆಗೆ ಇಬ್ಬರು. ಇಲಿಮರಿಯ ಜೊತೆ ಚೀಟಿಯಲ್ಲಿ ಸಿಕ್ಕಿಬಿದ್ದವನು ವಕೀಲ.

“ಇಲ್ಲಿ ಏನೂ ಇರಲ್ಲ ಅಂತ ನಮ್ಮಕ್ಕ ಹೇಳಿದಾಳೆ ಟೀಚರ್. ಸುಮ್ನೆ ಯಾಕೆ ಮಣ್ಣು ತಿನ್ನೋದು?”

“ಇಲ್ಲ ಅಂತ ಬರೆಯೋಕಾದ್ರೂ ಅಗೀಬೇಕು ಲಾಯರ್ ಸಾಹೇಬ್ರೆ. ನಡೀರಿ.”

ಆ ಕಡೆ ಮೂಳೆ ಸಿಕ್ಕಿತೆಂದು ಕೂಗು, ಈ ಕಡೆ ನಿಂದು ಕೋಳಿ ನಂದು ಡೈನೋಸಾರು ಎಂಬ ಜಗಳ. ಟೀಚರ್ ಅದನ್ನು ಬಿಡಿಸುತ್ತಿದ್ದಾಗ ಹಿಂದಿನಿಂದ ವಕೀಲನ ದನಿ ಬಂತು. ಅದು ಅವನ ಎಂದಿನ ದನಿಯಾಗಿರಲಿಲ್ಲ.

“ಟೀಚರ್. ನಮ್ಮನೇಲಿ ಬಟ್ಟೆ ಇದೆ.”

ಒಂದು ಗೇಣು ಆಳದಲ್ಲಿ ಹಳದಿ ಬಣ್ಣದ ಪುಟ್ಟ ಫ್ರಾಕು. ಅದನ್ನು ಹೂತಿರಲಿಲ್ಲ, ಮಲಗಿಸಿದ್ದರು. ಮಗ್ಗುಲಿಗೆ, ಗೋಡೆಯ ಕಡೆ ಬೆನ್ನು ಮಾಡಿ. ಒಂದು ತೋಳು ದಿಂಬಿನಂತೆ ಕತ್ತಿನ ಕೆಳಗೆ, ಲಂಗದ ಭಾಗ ಮೊಣಕಾಲು ಮಡಚಿದಷ್ಟು ಮೇಲಕ್ಕೆ. ಕೊರಳಿನ ಸುತ್ತ ನೀಲಿ ಮಣಿಸರ. ಮುಖವಿರಬೇಕಾದ ಜಾಗದೆದುರು ಅಂಗೈಯಗಲದ ಸ್ಟೀಲ್ ತಟ್ಟೆ. ಅದರ ಮೇಲೆ ಇನ್ನೊಂದು ತಟ್ಟೆ ಕವುಚಿತ್ತು. ಇಲಿಮರಿ ಬ್ರಷ್ಷಿನಿಂದ ಮರಳು ಸರಿಸಿ ಮೇಲಿನದನ್ನು ಎತ್ತಿದಳು. ತಟ್ಟೆ ಖಾಲಿಯಿತ್ತು.

“ಎರಡು ಬಿಸ್ಕತ್ ಇಟ್ಟಿದ್ದೆ,” ಎಂದಳು ಅವಳು. ದನಿಯಲ್ಲಿ ಅಚ್ಚರಿಯಿರಲಿಲ್ಲ, ಸಮಾಧಾನವಿತ್ತು. “ತಿಂದಿದಾಳೆ.”

“ಇಲಿ ತಿಂದಿರುತ್ತೆ ಕಣೇ.”

“ಅಗೆದೋನು ನೀನೇ ಅಲ್ವೇನೋ. ಇಲಿ ಬಂದ ತೂತಿತ್ತಾ?”

ವಕೀಲ ಗುಂಡಿಯನ್ನೇ ನೋಡಿದ. ತಟ್ಟೆಯಲ್ಲಿ ಒಂದು ಪುಡಿಯೂ ಇರಲಿಲ್ಲ. ನೆಕ್ಕಿದ ಹಾಗೆ ಹೊಳೆಯುತ್ತಿತ್ತು. ಹುಡುಗ ಕೈಯಲ್ಲಿದ್ದ ಚಮಚವನ್ನು ಸದ್ದಾಗದಂತೆ ದಾರದಾಚೆ ಇಟ್ಟು, ಹಿಂದೆ ಹಿಂದೆ ಸರಿದು ಮೇಲೆ ಹತ್ತಿದ. ಯಾರೂ ಹೇಳದೆಯೇ ಮಕ್ಕಳೆಲ್ಲ ಪಿಸುದನಿಯಲ್ಲಿ ಮಾತಾಡುತ್ತಿದ್ದವು, ಮಲಗಿದವರಿರುವ ಕೋಣೆಯಲ್ಲಿ ಮಾತಾಡುವಂತೆ.

ಟೀಚರ್ ಎಲ್ಲರನ್ನೂ ಒಳಗೆ ಕಳಿಸಿ ಇಲಿಮರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹುಡುಗಿ ಆಗಲೇ ಮತ್ತೆ ಮರಳು ಹೊದಿಸುತ್ತಿದ್ದಳು.

“ಪುಟ್ಟಾ, ಆ ಕಾಲದಲ್ಲೂ ಯಾರೂ ಎದ್ದು ಬರಲಿಲ್ಲಮ್ಮ.”

“ಗೊತ್ತಿಲ್ಲ ಅಂದ್ರಲ್ಲ ಟೀಚರ್, ನಿನ್ನೆ?”

“ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು.”

ಹುಡುಗಿ ಅವರ ಮುಖ ನೋಡಿದಳು. ದೊಡ್ಡವರು ಏನನ್ನೋ ಮುಚ್ಚಿಡುವಾಗ ಮಕ್ಕಳು ನೋಡುವ ನೋಟ. ಮನೆಯಲ್ಲಿ ಅದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. “ಸೋಮವಾರ ಬರ್ತೀನಿ ಅಂದ್ಲು,” ಎಂದಳು ಮೆಲ್ಲಗೆ. “ಹಾಜರಿ ಕರೀವಾಗ ಅವಳ ಹೆಸರೂ ಕರೀರಿ ಟೀಚರ್. ಕರೀದಿದ್ರೆ ವಾಪಸ್ ಹೋಗಿಬಿಡ್ತಾಳೆ.”

ಟೀಚರಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಸೋಮವಾರ ಬೆಳಿಗ್ಗೆ ಈ ಮಗು ಬಾಗಿಲ ಕಡೆ ಮುಖ ಮಾಡಿ ಕೂರುತ್ತದೆ. ಮಧ್ಯಾಹ್ನವೂ ಕೂರುತ್ತದೆ. ಮಂಗಳವಾರವೂ. ಆಮೇಲೆ ಈಗ ಬಿಟ್ಟ ಬಾಯನ್ನು ಮುಚ್ಚಿಕೊಂಡರೆ ಮತ್ತೆ ತೆರೆಯುವುದು ಯಾವ ಕಾಲಕ್ಕೋ. ತಾನು ಹೇಳಿದರೆ ಇನ್ನು ನಂಬುವುದಿಲ್ಲ. ಹೇಳಬೇಕಾದವರು ಒಬ್ಬರೇ.

ತಾಯಿಯನ್ನು ಕರೆತರಲು ಜವಾನನಿಗೆ ಹೇಳಿದಾಗ ಅವನು ಸೈಕಲ್ ಹತ್ತದೆ ನಿಂತ. “ಆ ಇಲಿಮರಿ ತಾನೆ? ನಿನ್ನೆ ಸಂಜೆ ನೀವು ಹೋದ್ಮೇಲೆ ಗೋಡೆ ಹತ್ರ ಕೂತಿತ್ತು. ಮಾತು ಕೇಳಿಸ್ತು. ಹೊತ್ತಾಯ್ತು, ಇಬ್ರೂ ಮನೆಗೆ ಹೋಗ್ರೇ ಅಂತ ಇಲ್ಲಿಂದ್ಲೇ ಗದರಿದೆ.” ತಲೆ ಕೆರೆದುಕೊಂಡ. “ಬಂದಿದ್ದು ಒಬ್ಳೇ.”

“ಮಕ್ಕಳು ಒಬ್ಬೊಬ್ಬರೇ ಮಾತಾಡ್ಕೋತಾರೆ.”

“ಆಡ್ತಾರೆ ಬಿಡಿ. ಆದ್ರೆ ಒಬ್ರೇ ಆಡೋವಾಗ ಒಂದು ಮಾತಿನ ಮೇಲೆ ಇನ್ನೊಂದು ಮಾತು ಬೀಳಲ್ಲ.” ಇಷ್ಟು ಹೇಳಿ ಪೆಡಲು ತುಳಿದ.

ತಾಯಿ ಬಂದದ್ದು ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ. ಆಕೆ ಹೊಲಿಗೆಯವಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತುಬಿದ್ದಿತ್ತು, ತೋಳಿಗೆಲ್ಲ ದಾರದ ಎಳೆ ಅಂಟಿತ್ತು. ವರಾಂಡದಲ್ಲಿ ಟೀಚರ್ ಒಂದನ್ನೂ ಮರೆಮಾಚದೆ ಹೇಳಿದರು. ತಮ್ಮ ತಪ್ಪನ್ನೂ ಹೇಳಿದರು.

“ಪೆಟ್ಟಿಗೆ ಬೀಗ ತೆಗ್ದಿದಾಳಾ?” ತಾಯಿಯ ಮುಖ ಕೆಂಪಾಯಿತು. “ಆ ಕೀಲಿ ಎಲ್ಲಿದೆ ಅಂತ ನಂಗೇ ಗೊತ್ತಿರಲಿಲ್ಲ. ಎಂಥಾ ಪಾಠ ಟೀಚರ್ ನಿಮ್ದು? ಸತ್ತೋರ ಸುದ್ದಿ ಇಲ್ದೆ ಮಕ್ಕಳಿಗೆ ವಿದ್ಯೆ ಬರಲ್ವಾ?”

“ನೀವು ಬೈದದ್ದು ಸರಿ. ಆದ್ರೆ ಅವಳು ಬರಲ್ಲ ಅಂತ ನೀವೇ ಹೇಳಬೇಕು. ಸೋಮವಾರಕ್ಕೆ ಮುಂಚೆ.”

“ಹೇಳ್ತೀನಿ, ಹೇಳದೆ ಏನು. ಅದನ್ನ ಎತ್ಕೊಂಡು ಮನೆಗೆ ಹೋಗ್ತೀನಿ. ಅಲ್ಲಿಗೆ ಮುಗೀತು.”

ಇಲಿಮರಿ ಗುಂಡಿಯ ಅಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಮ್ಮನನ್ನು ಕಂಡು ಏಳಲಿಲ್ಲ. ತಾಯಿ ದಾರ ದಾಟಿ ಮಂಡಿಯೂರಿ ಎರಡೂ ಕೈಯಿಂದ ಮರಳು ಬಗೆದಳು. ಸಿಟ್ಟಿನಲ್ಲಿ ಬಗೆಯುತ್ತಿದ್ದ ಕೈ ಹಳದಿ ಬಟ್ಟೆ ಕಂಡದ್ದೇ ನಿಧಾನವಾಯಿತು. ಮಡಚಿದ ತೋಳು, ಮಡಚಿದ ಮೊಣಕಾಲು. ಮಗಳು ಕಡೆಗೆ ಹೇಗೆ ಮಲಗಿದ್ದಳೋ ಆಕೆ ಕಂಡಿರಲಿಲ್ಲ. ಬೆರಳಿನಿಂದ ಒಂದೊಂದೇ ಕಾಳು ಮರಳು ಸರಿಸುತ್ತ ಲಂಗದ ಕೆಳಗಿನ ಅಂಚಿಗೆ ಬಂದವಳ ಕೈ ಅಲ್ಲಿಯೇ ನಿಂತುಬಿಟ್ಟಿತು.

“ಇದನ್ಯಾರು ಬಿಚ್ಚಿದ್ದು?”

“ಏನಮ್ಮ ಅದು?” ಟೀಚರ್ ಬಾಗಿದರು.

“ಅಂಚನ್ನ ಎರಡಿಂಚು ಒಳಗೆ ಮಡಚಿ ಹೊಲಿದಿದ್ದೆ. ಬೆಳೆಯೋ ಮಗು, ಬರೋ ವರ್ಷ ಬಿಚ್ಚಿದ್ರಾಯ್ತು ಅಂತ.” ಮಡಿಕೆ ಪೂರ್ತಿ ಇಳಿದಿತ್ತು. ಬಿಸಿಲು ಕಾಣದ ಎರಡಿಂಚು ಬಟ್ಟೆ ಗಾಢ ಹಳದಿಯಾಗಿತ್ತು. ಪಕ್ಕದಲ್ಲಿ ಬಿಡಿಸಿದ ದಾರ ಸುರುಳಿಯಾಗಿ ಬಿದ್ದಿತ್ತು, ಎಲ್ಲೂ ತುಂಡಾಗದೆ. “ಕತ್ತರಿ ಹಾಕಿಲ್ಲ ನೋಡಿ. ಒಂದೊಂದೇ ಹೊಲಿಗೆ ಬಿಡಿಸಿದೆ. ನನ್ನ ಕೈಲೂ ಆಗಲ್ಲ ಇದು. ಏಯ್, ನೀನಾ?”

“ನಾನಲ್ಲಮ್ಮ.”

“ನಿಜ ಹೇಳು.”

“ನಾನು ಮಲಗಿಸಿದ್ದಷ್ಟೇ. ಅವಳಿಗೆ ಗಿಡ್ಡ ಆಗ್ತಿತ್ತೇನೋ.”

ಗಾಳಿಯಿರಲಿಲ್ಲ. ಶಾಲೆಯ ಮುಂಭಾಗದಲ್ಲಿ ಜವಾನ ಒಂದೊಂದೇ ಕೋಣೆಗೆ ಬೀಗ ಹಾಕುವ ಸದ್ದು ಕೇಳುತ್ತಿತ್ತು. ತಾಯಿ ಕೊರಳಿನ ಟೇಪು ತೆಗೆದು, ಫ್ರಾಕನ್ನು ಕದಲಿಸದೆ ಹೆಗಲಿನಿಂದ ಅಂಚಿನವರೆಗೆ ಹಿಡಿದಳು. ಅಳತೆ ನೋಡಿ, ತುಟಿಯಲ್ಲೇ ಏನೋ ಲೆಕ್ಕ ಹಾಕಿದಳು. ಐದು ತಿಂಗಳ ಬೆಳವಣಿಗೆ. ಆಮೇಲೆ ಬಾಗಿ, ಕೆನ್ನೆ ಮರಳಿಗೆ ತಾಗುವಷ್ಟು ಬಾಗಿ, ಕಿವಿಗೊಟ್ಟಳು.

“ಅಮ್ಮಾ,” ಎಂದರು ಟೀಚರ್. ತಮ್ಮ ದನಿ ತಮಗೇ ತೀರ ಜೋರಾಗಿ ಕೇಳಿಸಿತು. “ಕತ್ತಲಾಗೋದ್ರೊಳಗೆ ಎತ್ತಿಕೊಳ್ಳಿ. ಮಗುವಿಗೆ ಒಂದೇ ಒಂದು ಮಾತು ಹೇಳಿ. ಯಾರೂ ಬರಲ್ಲ ಅಂತ. ನಿಮಗೆ ಕೈ ಮುಗೀತೀನಿ.”

ತಾಯಿ ನೆಟ್ಟಗೆ ಕೂತಳು. ಕೆನ್ನೆಗಂಟಿದ ಮರಳನ್ನು ಒರೆಸಿಕೊಳ್ಳಲಿಲ್ಲ. ಎರಡೂ ಅಂಗೈಯಿಂದ ಮರಳನ್ನು ಕಾಲ ಕಡೆಯಿಂದ ಎಳೆದು, ಹೊದಿಕೆ ಎಳೆಯುವಂತೆ ಹೆಗಲವರೆಗೆ ತಂದು, ಮುಖದ ಜಾಗ ಬಿಟ್ಟು, ಮೆಲ್ಲಗೆ ತಟ್ಟಿದಳು. ಇಲಿಮರಿ ಹತ್ತಿರ ಸರಿದು ಅಮ್ಮನ ತೋಳಿಗೆ ತಲೆ ಆನಿಸಿದಳು.

“ಇಲ್ಲ ಟೀಚರ್,” ಎಂದಳು ತಾಯಿ. “ನಾನು ಹೇಳಲ್ಲ.”