ಹದಿನೇಳನೆಯವಳ ಸಕ್ಕರೆ

ಲ್ಯಾಬಿನಲ್ಲಿ ಅವನಿಗೆ ‘ಎಲೆ ಡಾಕ್ಟರು’ ಎಂದೇ ಹೆಸರು. ಕಾಡುಬಳ್ಳಿಯೊಂದರ ಎಲೆಯಿಂದ ಕಹಿ ಸತ್ವ ತೆಗೆದು, ಕ್ಯಾಪ್ಸೂಲಿಗೆ ತುಂಬಿ, ಅದರಿಂದ ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂದು ನಲವತ್ತು ಜನರಿಗೆ ಕೊಟ್ಟು ನೋಡುತ್ತಿದ್ದ. ಸೇರಿದವರು ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ನಿಲ್ಲಿಸಬೇಕು, ಮನೆಯವರನ್ನು ಸೇರಿಸಕೂಡದು ಎಂಬ ನಿಯಮಗಳಿದ್ದವು. ಈ ಮಹಾಶಯ ಎಲ್ಲರ ಕಣ್ಣು ತಪ್ಪಿಸಿ ಸ್ವಂತ ಅಕ್ಕನನ್ನೇ ಹದಿನೇಳನೆಯವಳಾಗಿ ಸೇರಿಸಿದ್ದ.

ಉಳಿದವರ ಸಕ್ಕರೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಹದಿನೇಳನೆಯವಳದು ಮಾತ್ರ ವಾರವಾರವೂ ಇಳಿಯಿತು. ಮೀಟಿಂಗುಗಳಲ್ಲಿ ಗ್ರಾಫಿನ ಆ ಒಂದು ಗೆರೆ ತೋರಿಸಿ ತೋರಿಸಿ ಅವನಿಗೆ ಕೊಂಬು ಬಂದಿತ್ತು.

ಆ ಬೆಳಿಗ್ಗೆ ರಕ್ತ ಕೊಟ್ಟು ಎದ್ದ ಅಕ್ಕ ಅಲ್ಲೇ ಕುಸಿದುಬಿದ್ದಳು. ಪಕ್ಕದ ಆಸ್ಪತ್ರೆಗೆ ಹೊತ್ತೊಯ್ದರು.

“ಇವರು ಏನೇನು ಔಷಧಿ ತಗೋತಾರೆ?” ನರ್ಸ್ ಕೇಳಿದಳು.

“ನನ್ನ ಕ್ಯಾಪ್ಸೂಲ್ ಒಂದೇ,” ಎಂದ, ಆಗಲೂ ಜಂಬದಿಂದಲೇ.

ನರ್ಸ್ ಅಕ್ಕನ ಕೈಚೀಲ ಸುರಿದಳು. ಅರ್ಧ ಖಾಲಿಯಾದ ಹಳೆಯ ಮಾತ್ರೆಯ ಹಾಳೆಗಳು ಬಿದ್ದವು. ಕನ್ನಡಕದ ಡಬ್ಬಿಯಿಂದ ಅವನ ಹಸಿರು ಕ್ಯಾಪ್ಸೂಲುಗಳು ಉರುಳಿದವು. ಬಹುಶಃ ಒಂದನ್ನೂ ನುಂಗಿರಲಿಲ್ಲ.

ಅಯ್ಯೋ, ಹದಿನೇಳರ ಗೆರೆ ಹೋಯಿತಲ್ಲ! ಅವನಿಗೆ ಮೊದಲು ಹೊಳೆದದ್ದು ಇದು. ಅಕ್ಕ ಬದುಕುತ್ತಾಳೋ ಇಲ್ಲವೋ ಎಂಬುದು ಆಮೇಲೆ. ಮೊದಲು ಯಾವುದು ಹೊಳೆಯಿತೆಂದು ಅರಿವಾದ ಕ್ಷಣ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಗ್ಲೂಕೋಸ್ ಹರಿದ ಮೇಲೆ ಅಕ್ಕ ಕಣ್ಣು ಬಿಟ್ಟಳು.

“ಬೈಬೇಡ ಕಣೋ. ನಿನ್ನದು ಒಂದು ನುಂಗಿದ್ರೂ ಹೊಟ್ಟೆ ತೊಳೆಸ್ತಿತ್ತು. ಎಲ್ಲರ ಮುಂದೆ ನಿನ್ನ ಮರ್ಯಾದೆ ಹೋಗಬಾರದಲ್ಲ? ಅದಕ್ಕೇ ಹಳೇ ಮಾತ್ರೆನೇ ಒಂದರ ಬದಲು ಎರಡು ತಗೊಂಡೆ. ರಕ್ತ ಕೊಡೋ ಹಿಂದಿನ ದಿನ ಊಟ ಬಿಡ್ತಿದ್ದೆ.”

“ನನಗೊಂದು ಮಾತು ಹೇಳಬಾರದಿತ್ತಾ ಅಕ್ಕ?”

“ನೀನು ಕೇಳಲೇ ಇಲ್ವಲ್ಲೋ.”

ನಿಜ. ವಾರಕ್ಕೊಮ್ಮೆ ಮೂವತ್ತೊಂಬತ್ತು ಜನರನ್ನು ಎದುರು ಕೂರಿಸಿಕೊಂಡು ಹೊಟ್ಟೆ ಹೇಗಿದೆ, ತಲೆ ಸುತ್ತುತ್ತದೆಯೇ ಎಂದು ವಿಚಾರಿಸುತ್ತಿದ್ದ. ಅಕ್ಕನ ಫಾರಂ ಮಾತ್ರ ತಾನೇ ತುಂಬುತ್ತಿದ್ದ: ‘ಏನೂ ತೊಂದರೆಯಿಲ್ಲ.’ ನಾಚಿಕೆಯಿಂದ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

“ಈ ಸಲ ಸಕ್ಕರೆ ಎಷ್ಟು ಬಂತು?” ಅಕ್ಕ ಕೇಳಿದಳು.

“ನಲವತ್ತೆರಡು,” ಎಂದ, ನೆಲ ನೋಡುತ್ತ. ಇನ್ನೊಂದಿಷ್ಟು ಇಳಿದಿದ್ದರೆ ಅವಳು ಏಳುತ್ತಿರಲಿಲ್ಲ.

ಅಕ್ಕನ ಮುಖ ಅರಳಿತು. “ಅಷ್ಟು ಇಳೀತಾ? ಬರ್ಕೊಳ್ಳೋ ಮತ್ತೆ, ಮರ್ತುಬಿಟ್ಟೀಯ!”