ತಾನಾಗಿ ಮುಚ್ಚುವ ತೂತು

ಟ್ಯೂಬಿನಲ್ಲಿ ಕೂದಲೆಳೆಯಷ್ಟು ತೂತಿದ್ದರೂ ಪಂಕ್ಚರ್ ಅಂಗಡಿಯವನ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಅದೇ ಕಸುಬು. ಅಷ್ಟು ವರ್ಷ ಕೈ ಕಪ್ಪು ಮಾಡಿಕೊಂಡು ಅವನು ಕಲಿತಿದ್ದು ಒಂದೇ ಮಾತು: ತೂತು ತಾನಾಗಿ ದೊಡ್ಡದಾಗುತ್ತದೆಯೇ ಹೊರತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಅಂಥವನ ಮಗಳಿಗೇ ಹೊಕ್ಕುಳಲ್ಲಿ ತೂತು.

ಕೂಸು ಅತ್ತಾಗಲೆಲ್ಲ ಹೊಕ್ಕುಳು ಪುಟ್ಟ ನಿಂಬೆಹಣ್ಣಿನಂತೆ ಉಬ್ಬುತ್ತಿತ್ತು. ಸುಮ್ಮನಾದಾಗ ಮೆಲ್ಲಗೆ ಒತ್ತಿದರೆ ಗುಳುಗುಳು ಎಂದು ಒಳಗೆ ಸರಿಯುತ್ತಿತ್ತು. ಅದರಡಿಯಲ್ಲಿ ಅವನ ತೋರುಬೆರಳ ತುದಿ ಇಳಿಯುವಷ್ಟು ಬಾಯಿ. ಅದನ್ನು ಮುಟ್ಟಿ ನೋಡಿದ ದಿನ ಅವನ ಜೀವ ಬಾಯಿಗೆ ಬಂತು.

"ಆಸ್ಪತ್ರೆಗೆ ಹೋಗೋಣ ರೀ," ಎಂದಳು ಹೆಂಡತಿ.

"ನಾನಿರೋದು ಯಾತಕ್ಕೆ ಮತ್ತೆ?" ಎಂದ ಮಹಾನುಭಾವ.

ಹಳೇ ಟ್ಯೂಬಿನ ಮೆತ್ತನೆಯ ಭಾಗ ಆರಿಸಿ, ದುಂಡಗೆ ಕತ್ತರಿಸಿ, ಅಂಚನ್ನು ನುಣ್ಣಗೆ ಉಜ್ಜಿ ಹೊಕ್ಕುಳ ಮೇಲಿಟ್ಟ. ಮೇಲಿಂದ ಟ್ಯೂಬಿನದೇ ಪಟ್ಟಿ ಸುತ್ತಿದ. ಕೆಲಸವೇನೋ ಅಚ್ಚುಕಟ್ಟು. ಮೂರನೆಯ ದಿನ ಬಿಚ್ಚಿದರೆ ಅಡಿಯ ಚರ್ಮ ಕೆಂಪೇರಿ ಸುಲಿದಿತ್ತು.

"ನನ್ನ ಮಗಳೇನು ಲಾರಿನಾ?" ಎಂದು ಹೆಂಡತಿ ಪಟ್ಟಿಯನ್ನು ಅವನ ಮುಖಕ್ಕೇ ಎಸೆದಳು. ಅದನ್ನು ಜೇಬಿಗೆ ತುರುಕಿಕೊಂಡು ಅವಳ ಹಿಂದೆಯೇ ಆಸ್ಪತ್ರೆಗೆ ನಡೆದ.

ಅವನು ಜೇಬಿನಿಂದ ತೆಗೆದುಕೊಟ್ಟ ಪಟ್ಟಿಯನ್ನು ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಏನು ಕೆಲಸ ಮಾಡ್ತೀರಿ?"

"ಪಂಕ್ಚರ್ ಹಾಕ್ತೀನಿ ಮೇಡಂ."

"ಅಂದ್ಕೊಂಡೆ," ಎಂದು ಅದನ್ನು ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಅವನ ಬೆರಳು ಹಿಡಿದು ಕೂಸಿನ ಹೊಕ್ಕುಳ ಮೇಲಿಟ್ಟರು. "ಅಮ್ಮನ ಹೊಟ್ಟೇಲಿದ್ದಾಗ ಇವಳ ಊಟ, ಉಸಿರು ಎಲ್ಲ ಬಂದಿದ್ದು ಈ ದಾರೀಲೇ. ಹುಟ್ಟಿದ ಮೇಲೆ ಅಕ್ಕಪಕ್ಕದ ಸ್ನಾಯು ಬಂದು ಇದನ್ನ ಮುಚ್ಚಬೇಕು. ಇವಳದ್ದು ಸ್ವಲ್ಪ ನಿಧಾನ. ಅದಕ್ಕೇ ಅತ್ತಾಗ ಕರುಳು ಇಣುಕುತ್ತೆ. ಹೆಚ್ಚಿನ ಮಕ್ಕಳಿಗೆ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚುತ್ತೆ."

"ತಾನೇ?"

"ತಾನೇ. ಮುಚ್ಚದಿದ್ರೆ ಆಗ ಚಿಕ್ಕ ಆಪರೇಷನ್ ಮಾಡೋಣ. ಪಟ್ಟಿ ಗಿಟ್ಟಿ ಏನೂ ಕಟ್ಟಬೇಡಿ. ಆದ್ರೆ ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ರೆ, ಅಲ್ಲಿ ಬಣ್ಣ ಬದಲಾದ್ರೆ, ಮಗು ನೋವಿಂದ ಅತ್ರೆ, ವಾಂತಿ ಮಾಡಿದ್ರೆ, ಒಂದು ಕ್ಷಣ ಕಾಯದೆ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಸುಮ್ಮನಿರಿ, ಸಾಕು."

ಸುಮ್ಮನಿರುವುದಂತೆ! ತೂತು ಕಂಡರೆ ಕೈ ತುರಿಸುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಅವನು ಡಾಕ್ಟರಮ್ಮನ ಮಾತನ್ನು ಅರ್ಧ ನಂಬಿದ, ಹೆಂಡತಿಗೆ ಪೂರ್ತಿ ಹೆದರಿದ. ಹಾಗಾಗಿ ಕೈ ಕಟ್ಟಿ ಕೂತ.

ಒಮ್ಮೆ ಕೂಸು ಅತ್ತೂ ಅತ್ತೂ ಅದರ ಉಬ್ಬು ಕಲ್ಲಿನಂತಾಯಿತು. ಲಾರಿಯ ಚಕ್ರವನ್ನು ಅರ್ಧಕ್ಕೇ ಬಿಟ್ಟು, ಮಗಳನ್ನು ಎತ್ತಿಕೊಂಡು ಬೀದಿಯುದ್ದ ಓಡಿದ. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಉಬ್ಬೂ ಮೆತ್ತಗಾಗಿ ಒಳಗೆ ಸರಿದಿತ್ತು. ಡಾಕ್ಟರಮ್ಮ ನೋಡಿ, ಏನೂ ಇಲ್ಲ, ಬಂದಿದ್ದು ಒಳ್ಳೇದಾಯ್ತು ಎಂದರು.

ಪ್ರತಿ ತಿಂಗಳೂ ಸ್ನಾನವಾದ ಮೇಲೆ ಒಮ್ಮೆ ಬೆರಳಿಟ್ಟು ನೋಡುತ್ತಿದ್ದ. ಒಂದು ವರ್ಷ ತೋರುಬೆರಳಿನ ತುದಿ ಹಾಗೇ ಇಳಿಯಿತು. ಅವಳಿಗೆ ಎರಡು ತುಂಬಿದಾಗ ಕಿರುಬೆರಳಿಗಷ್ಟೇ ಜಾಗ. ಅವನು ಬೆರಳು ತೆಗೆಯುವುದನ್ನೇ ಮರೆತು ಕೂತ. ಈ ಹುಡುಗಿ ಉಣ್ಣುತ್ತಾಳೆ, ಮಣ್ಣಲ್ಲಿ ಹೊರಳುತ್ತಾಳೆ, ಗೊರಕೆ ಹೊಡೆಯುತ್ತಾಳೆ. ಅಷ್ಟರ ನಡುವೆ ಒಳಗೆ ಯಾರೋ ಕೂತು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಅಂಟಿಲ್ಲ, ತೇಪೆಯಿಲ್ಲ. ಅವನಿಗೆ ಮೈ ಜುಮ್ಮೆಂದಿತು.

ಅವಳಿಗೆ ಮೂರೂವರೆ ವರ್ಷವಾದ ಹೊತ್ತಿಗೆ ಒಂದು ಬೆಳಗ್ಗೆ ಕಿರುಬೆರಳಿಟ್ಟ. ಇಳಿಯಲಿಲ್ಲ. ಕೆಮ್ಮು ಎಂದ, ಕೆಮ್ಮಿದಳು. ಏನೂ ಉಬ್ಬಲಿಲ್ಲ. ಬೆರಳ ಕೆಳಗೆ ಹೊಟ್ಟೆಯ ಗೋಡೆ, ಅಷ್ಟೇ.

"ಏನ್ರೀ, ಯಾಕೆ ಅಳ್ತಿದ್ದೀರಾ?" ಹೆಂಡತಿ ಓಡಿ ಬಂದಳು.

"ಮುಚ್ಕೊಂಡಿದೆ ಕಣೇ. ನಾನು ಏನೂ ಮಾಡ್ಲಿಲ್ಲ."

ಹೆಂಡತಿ ತಾನೂ ಬೆರಳಿಟ್ಟು ನೋಡಿ, ಅವನ ಪಕ್ಕ ನೆಲದ ಮೇಲೆಯೇ ಕುಸಿದು ಕೂತಳು. ಮಗಳಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಕಚಗುಳಿಯಾಗಿ ಕಿಲಕಿಲ ನಗುತ್ತ, ಹೊಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿ ನಿಂತಳು.

"ಅಪ್ಪಾ, ಇನ್ನೊಂದ್ಸಲ ಒತ್ತು."