ಕಿಟಕಿಯಿಂದ ಬಂದ ಮೇಜು

ನನ್ನ ಮನೆಗೆ ಎಲ್ಲಕ್ಕಿಂತ ಮೊದಲು ಬಂದದ್ದು ಕುರ್ಚಿಗಳು, ಅದೂ ನಾನು ಕೇಳದೆಯೇ. ಅಮ್ಮನ ಅಕ್ಕ ಬೌಕ್ಯೆ ದೊಡ್ಡಮ್ಮ ಅವನ್ನು ಅಂಗಡಿಯಿಂದ ನೇರವಾಗಿ ಕಳಿಸಿಬಿಟ್ಟಿದ್ದಳು. ಒಂದೇ ಅಚ್ಚಿನ, ಬೂದು ಬಣ್ಣದ, ಇನ್ನೂ ಪ್ಲಾಸ್ಟಿಕ್ ವಾಸನೆ ಬಿಡದ ಕುರ್ಚಿಗಳು. ಹಿಂದೆಯೇ ಫೋನೂ ಬಂತು.

"ಹಿಸ್ಕೆ, ಹುಟ್ಟುಹಬ್ಬಕ್ಕೆ ಬಂದೋರನ್ನ ನೆಲದ ಮೇಲೆ ಕೂರಿಸ್ತೀಯೇನೇ? ಕೋಣೆ ಸುತ್ತ ಸಾಲಾಗಿ ಹಾಕು. ಮಧ್ಯೆ ಏನೂ ಇಡ್ಬೇಡ. ಎಲ್ರಿಗೂ ಎಲ್ರ ಮುಖ ಕಾಣ್ಬೇಕು."

ಎಲ್ಲರಿಗೂ ಎಲ್ಲರ ಮುಖ ಕಾಣುವುದೇ ನನ್ನ ಭಯ. ನಮ್ಮಲ್ಲಿ ಹುಟ್ಟುಹಬ್ಬವೆಂದರೆ ಕುರ್ಚಿಗಳ ವೃತ್ತ. ಬಂದವರು ಹುಟ್ಟುಹಬ್ಬದವಳ ಕೈಯನ್ನಷ್ಟೇ ಅಲ್ಲ, ಅವಳ ಅಮ್ಮನ, ದೊಡ್ಡಮ್ಮನ, ಪಕ್ಕದ ಮನೆಯವನ ಕೈಯನ್ನೂ ಕುಲುಕಿ ಅಭಿನಂದಿಸುತ್ತಾ ಒಂದು ಸುತ್ತು ಬಂದು ಕೂರುತ್ತಾರೆ. ಮೊಣಕಾಲ ಮೇಲೆ ಕೇಕಿನ ತಟ್ಟೆ, ಕೈಯಲ್ಲಿ ಕಾಫಿ. ಒಬ್ಬರು ಮಾತಾಡಿದರೆ ಉಳಿದವರೆಲ್ಲ ಕೇಳುತ್ತಾರೆ. ನನ್ನ ಸರದಿ ಬಂದಾಗ ತಟ್ಟೆಯನ್ನೇ ನೋಡುತ್ತಾ "ಚೆನ್ನಾಗಿದೀನಿ" ಅನ್ನುತ್ತೇನೆ. ಮಾತು ಮುಂದಿನ ಕುರ್ಚಿಗೆ ಹೋಗುತ್ತದೆ.

ಓದು ಮುಗಿಸಿ ಲೈಡನ್ ಪಟ್ಟಣದ ಒಂದು ಗ್ರಂಥಾಲಯದಲ್ಲಿ ಕೆಲಸ ಹಿಡಿದು, ಕಾಲುವೆ ದಂಡೆಯ ಹಳೆಯ ಮನೆಯೊಂದರ ಎರಡನೇ ಮಹಡಿಗೆ ಬಂದಿದ್ದೆ. ಹೊರಡುವಾಗ ಅಮ್ಮ ಹೇಳಿದ್ದಳು, "ಹುಟ್ಟುಹಬ್ಬದವರೆಗೂ ನೋಡು. ಆಗ್ಲಿಲ್ಲ ಅಂದ್ರೆ ಬಂದ್ಬಿಡು. ನಿನ್ನ ರೂಮು ಹಾಗೇ ಇಟ್ಟಿರ್ತೀನಿ." ಪ್ರೀತಿಯ ಮಾತೇ. ಆದರೆ ಖಾಲಿ ಕೋಣೆಯಲ್ಲಿ ಒಬ್ಬಳೇ ಬ್ರೆಡ್ಡು ತಿನ್ನುವ ಸಂಜೆಗಳಲ್ಲಿ ಊರಿನ ಆ ರೂಮು ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ನಾಲ್ಕು ಜನರನ್ನು ಈ ಮನೆಗೆ ಕರೆದು ಅವರ ನಡುವೆ ಉಸಿರಾಡಲು ನನಗೆ ಸಾಧ್ಯವಾದರೆ ಉಳಿಯುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದು ದಿನಚರಿಯಲ್ಲಿ ಬರೆದುಕೊಂಡೆ. ಅದಕ್ಕೆ ನನಗೆ ಬೇಕಾದದ್ದು ಒಂದು ಮೇಜು. ಮೇಜಿದ್ದರೆ ವೃತ್ತವಿಲ್ಲ. ಕೈಗೆ ಊರಲು ಜಾಗವಿರುತ್ತದೆ, ಕಾಲುಗಳು ಯಾರಿಗೂ ಕಾಣುವುದಿಲ್ಲ.

ಗ್ರಂಥಾಲಯದ ಗೆಳತಿ ಮಾರಿಟ್ ನನ್ನನ್ನು ಊರಾಚೆಯ ದೊಡ್ಡ ಅಂಗಡಿಗೆ ಕರೆದೊಯ್ದು ಗಾಜಿನ ಮೇಜೊಂದರ ಮುಂದೆ ಕೂರಿಸಿದಳು.

"ಇದನ್ನ ಹಾಕಿದ್ರೆ ಕೋಣೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣತ್ತೆ ಕಣೇ."

"ನಾನೂ ಕಾಣ್ತೀನಲ್ಲ," ಎಂದೆ. ಗಾಜಿನ ಕೆಳಗೆ ನನ್ನ ಪಾದಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವಳು ಬಗ್ಗಿ ನೋಡಿ ನಕ್ಕಳು.

ಅಮ್ಮ ತನ್ನ ಮೇಜನ್ನು ಕೊಡುತ್ತೇನೆಂದಳು. ಅಜ್ಜಿಯ ಅಜ್ಜಿಯ ಕಾಲದ ದುಂಡು ಮೇಜು ಅದು. ನಮ್ಮ ಹಿಂಡೆಲೋಪನ್ ಊರಿನದೇ ಕೆಲಸ, ಹಲಗೆಯ ತುಂಬ ಕೆಂಪು ಹಸಿರು ಬಳ್ಳಿ, ಹೂವು, ಹಕ್ಕಿ. ಹಲಗೆಯನ್ನು ಮೇಲಕ್ಕೆ ಮಡಚಿ ಗೋಡೆಗೆ ಒರಗಿಸಿದರೆ ಚಿತ್ರಪಟವೇ. ಅದರ ಮೇಲೆ ಯಾರಾದರೂ ಬಿಸಿ ಲೋಟ ಇಟ್ಟದ್ದನ್ನು ನಾನು ಕಂಡಿಲ್ಲ. ಅದರ ಮುಂದೆ ದೊಡ್ಡವರೂ ಕೈ ಮಡಿಲಲ್ಲಿಟ್ಟು ಕೂರುತ್ತಾರೆ. ಬೇಡ ಅಂದೆ. ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ.

ಕೊನೆಗೆ ನನ್ನ ಮೇಜು ಸಿಕ್ಕಿದ್ದು ರೈಲು ಹಳಿಯಾಚೆ, ಬಳಸಿದ ಸಾಮಾನು ಮಾರುವ ಶೆಡ್ಡಿನಲ್ಲಿ. ಉದ್ದನೆಯ, ಕಂದು ಮರದ್ದು. ಮೈತುಂಬ ಸಣ್ಣ ಗೀರುಗಳು. ಹತ್ತಿರ ಹೋಗಿ ಎರಡೂ ಅಂಗೈ ಊರಿ ನಿಂತೆ. ನನ್ನ ಕೈಗೆಂದೇ ಮಾಡಿದ ಹಾಗಿತ್ತು.

"ಹೆಣ್ಣುಮಕ್ಕಳ ಶಾಲೇದು. ಹೊಲಿಗೆ ಕ್ಲಾಸಲ್ಲಿ ಬಟ್ಟೆ ಕತ್ತರಿಸ್ತಿದ್ರು," ಎಂದಳು ಶೆಡ್ಡಿನ ಹೆಂಗಸು. "ಹಳೇ ಕಾಲದ್ದು ಅನ್ನೋಷ್ಟು ಹಳೇದಲ್ಲ, ಹೊಸದೂ ಅಲ್ಲ. ನನ್ನ ಹಾಗೆ. ಮನೆ ಬಾಗಿಲವರೆಗೆ ತಂದ್ಕೊಡ್ತೀವಿ. ಮೇಲಕ್ಕೆ ಏರಿಸೋದು ನಿಮ್ಮ ಪಾಡು."

ಆ ಪಾಡು ಎಂಥದ್ದೆಂದು ನನಗೆ ಗೊತ್ತಿತ್ತು. ನಮ್ಮ ಮೆಟ್ಟಿಲು ಏಣಿಯ ತಮ್ಮ, ಅದರಲ್ಲಿ ಹಾಸಿಗೆಯೂ ತಿರುಗುವುದಿಲ್ಲ. ಈ ಸಾಲಿನ ಮನೆಗಳಿಗೆ ದೊಡ್ಡ ಸಾಮಾನು ಬರುವುದು ಕಿಟಕಿಯಿಂದ. ಮಾಡಿನ ತುದಿಯಲ್ಲಿ ಬೀದಿಗೆ ಚಾಚಿದ ತೊಲೆ, ತೊಲೆಗೆ ಕೊಂಡಿ, ಕೊಂಡಿಗೆ ರಾಟೆ ಮತ್ತು ಹಗ್ಗ. ಕೆಳಗೆ ಎಳೆಯುವ ಕೈಗಳು ಬೇಕು, ಕೈಗಳನ್ನು ಕೇಳಬೇಕು. ಕಿಟಕಿ ಅಳೆದೆ, ಮೇಜಿನ ಉದ್ದಗಲ ಅಳೆದೆ, ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದರ ಸುತ್ತ ಓಡಾಡಿದೆ. ಫೋನಿನಲ್ಲಿ ಹೇಳಬೇಕಾದ ವಾಕ್ಯವನ್ನು ಬರೆದೆ, ತಿದ್ದಿದೆ, ಮತ್ತೆ ತಿದ್ದಿದೆ. ಯಾರಿಗೂ ಫೋನು ಮಾಡಲಿಲ್ಲ.

ಹೀಗಾಗಿ ಹುಟ್ಟುಹಬ್ಬದ ಶನಿವಾರ ಬೆಳಿಗ್ಗೆ ವ್ಯಾನಿನವರು ಮೇಜನ್ನು ಬೀದಿಯಲ್ಲಿ ಇಳಿಸಿ ಹೋದರು. ನಾನು ಅದರ ಪಕ್ಕ ನಿಂತೆ. ಸೈಕಲ್ಲಿನವರು ಗಂಟೆ ಬಾರಿಸಿ ಸುತ್ತಿಕೊಂಡು ಹೋಗುತ್ತಿದ್ದರು. ಕೆಳಮನೆಯ ತೇವಿಸ್, ಟ್ರಾಮು ಓಡಿಸಿ ನಿವೃತ್ತನಾದವನು, ಬಾಗಿಲಿಗೆ ಬಂದ.

"ಏನಮ್ಮಾ, ಇವತ್ತು ಊಟ ಬೀದೀಲೇನಾ?"

"ಮೇಲೆ ಹೋಗ್ಬೇಕು."

"ಯಾರು ಎಳೀತಾರೆ?"

ನಾನು ಮಾಡಿನ ತುದಿಯ ತೊಲೆ ನೋಡಿದೆ. ಅವನು ಆಕಾಶ ನೋಡಿದ. ಸಮುದ್ರದ ಕಡೆಯಿಂದ ಕಪ್ಪು ಮೋಡ ಬರುತ್ತಿತ್ತು. "ಹಗ್ಗ, ರಾಟೆ ನನ್ನತ್ರ ಇದೆ. ಬೆನ್ನು ಮಾತ್ರ ಇಲ್ಲ. ಜನ ಕರಿ," ಎಂದು ಒಳಗೆ ಹೋದ.

ಕರೆಯುವ ಮೊದಲೇ ಜನ ಬಂದರು. ಅಮ್ಮ, ಬೌಕ್ಯೆ ದೊಡ್ಡಮ್ಮ, ಅವಳ ಗಂಡ ಫೋಲ್ಕರ್ಟ್ ದೊಡ್ಡಪ್ಪ ಒಂದೇ ಕಾರಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿದ ದುಂಡು ಮೇಜು. ಮಾರಿಟ್ ಸೈಕಲ್ಲಿನಲ್ಲಿ ಸೇಬಿನ ಕೇಕು ತಂದಳು. ನನ್ನ, ಅಮ್ಮನ, ಹಗ್ಗ ಹೊತ್ತು ಹೊರಬಂದ ತೇವಿಸ್‌ನ ಕೈಯನ್ನು ಎಲ್ಲರೂ ಕುಲುಕಿ ಮುಗಿದ ಮೇಲೆ ದೊಡ್ಡಮ್ಮ ಬೀದಿಯ ಮೇಜನ್ನು ಬೆರಳಿನಿಂದ ತಟ್ಟಿದಳು.

"ಇದೇನೇ, ಯಾರ ಮನೆ ಕಸ?"

"ನಂದು."

"ತಂದೋರಿಗೆ ಫೋನು ಮಾಡು, ಬಂದು ಒಯ್ಲಿ. ಮಳೆ ಬರತ್ತೆ. ನಡಿ ಮೇಲೆ, ಕುರ್ಚಿ ಹಾಕೋಣ. ಪಾಪ, ನಿಂಗೆ ಇದೆಲ್ಲ ಒಬ್ಬಳಿಗೇ ಆಗಲ್ಲ."

ಅಮ್ಮ ನನ್ನ ತೋಳು ಮುಟ್ಟಿದಳು. "ಹೋಗ್ಲಿ ಬಿಡು ಮಗಾ." ಆ ಮೆತ್ತನೆಯ ದನಿಯಲ್ಲಿ ಊರಿನ ರೂಮಿತ್ತು, ಇಸ್ತ್ರಿ ಮಾಡಿದ ಹೊದಿಕೆಯಿತ್ತು. ಹೂಂ ಅಂದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಮೊದಲ ಹನಿ ಮೇಜಿನ ಮೇಲೆ ಬಿದ್ದು ಕಪ್ಪು ಚುಕ್ಕೆಯಾಯಿತು. ಅದನ್ನು ತೋಳಿನಿಂದ ಒರೆಸಿದೆ. ತಿದ್ದಿ ಇಟ್ಟುಕೊಂಡಿದ್ದ ವಾಕ್ಯ ಒಂದೂ ನೆನಪಿಗೆ ಬರಲಿಲ್ಲ.

"ಆಗಲ್ಲ ನಿಜ," ಎಂದೆ. "ಅದಕ್ಕೇ ನೀವೆಲ್ಲ ಎಳೀಬೇಕು. ನಂಗೆ ಈ ಮೇಜೇ ಬೇಕು, ದೊಡ್ಡಮ್ಮ. ಸುತ್ತ ಕೂತ್ರೆ ನಂಗೆ ಮಾತು ಬರಲ್ಲ. ಚಿಕ್ಕೋಳಿದ್ದಾಗಿಂದ ಬರಲ್ಲ."

ದೊಡ್ಡಮ್ಮ ನನ್ನನ್ನು ದಿಟ್ಟಿಸಿದಳು. ನಾನು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿದ್ದು ಬಹುಶಃ ಮೊದಲ ಸಲ. ಆಮೇಲೆ ಕೋಟು ಬಿಚ್ಚಿ ಗಂಡನ ಕೈಗೆ ಕೊಟ್ಟಳು.

"ನಿಂತ್ಕೊಂಡು ಏನು ನೋಡ್ತೀರಿ? ಗಂಟು ಹಾಕಿ. ದೋಣಿ ಕಟ್ಟೋ ಗಂಟು, ಶೂ ಲೇಸಿನ ಗಂಟಲ್ಲ."

"ಕೋಟು ಎಲ್ಲಿಡ್ಲಿ?" ಎಂದರು ದೊಡ್ಡಪ್ಪ.

"ತಲೆ ಮೇಲೆ."

ತೇವಿಸ್ ಮೇಲೆ ಹೋಗಿ ಕಿಟಕಿಯ ಚೌಕಟ್ಟನ್ನೇ ಕಳಚಿದ, ರಾಟೆ ಸಿಕ್ಕಿಸಿದ. ಗೋಡೆಗೆ ಉಜ್ಜದ ಹಾಗೆ ಮೇಜನ್ನು ಬೀದಿಯ ಕಡೆ ಎಳೆದು ಹಿಡಿಯುವ ಇನ್ನೊಂದು ಹಗ್ಗ ಅಮ್ಮನ ಪಾಲಿಗೆ ಬಂತು. ಉಳಿದವರೆಲ್ಲ ಸಾಲಾಗಿ ನಿಂತು ಎಳೆದೆವು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಯಾರೋ ಕೇಳದೆಯೇ ಇಳಿದು ಹಿಂದೆ ಸೇರಿಕೊಂಡರು. ಮೇಜು ಬೀದಿಯನ್ನು ಬಿಟ್ಟಿತು, ಒಮ್ಮೆ ತಿರುಗಿತು, ಕಾಲು ಚಾಚಿಕೊಂಡು ಮಳೆಯಲ್ಲಿ ಮೇಲೇರಿತು. "ಬಿಡ್ಬೇಡಿ, ಬಿಡ್ಬೇಡಿ," ಎಂದು ಕೂಗುತ್ತಿದ್ದವಳು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೇಜು ಒಳಗೆ ಬಂದು ಸೀಮೆಸುಣ್ಣದ ಗೆರೆಗೆ ಸರಿಯಾಗಿ ನಿಂತಿತು. ಮಾರಿಟ್ ಕುರ್ಚಿಯೊಂದನ್ನು ತಂದು ಕೂತಳು. ಮೇಜಿನ ಅಂಚು ಅವಳ ಗಲ್ಲಕ್ಕೆ ಬಂತು.

ದೊಡ್ಡಪ್ಪ ಬಗ್ಗಿ ಮೇಜಿನ ಕಾಲುಗಳನ್ನು ನೋಡಿದರು.

"ಕೇಕು ನೇರ ಬಾಯಿಗೇ ತಳ್ಬಹುದು," ಎಂದಳು ಮಾರಿಟ್.

ನಾನು ಉದ್ದ ಅಳೆದಿದ್ದೆ, ಅಗಲ ಅಳೆದಿದ್ದೆ. ಬಟ್ಟೆ ಕತ್ತರಿಸುವವರು ನಿಂತು ಕತ್ತರಿಸುತ್ತಾರೆ ಎನ್ನುವುದು ಹೊಳೆದಿರಲಿಲ್ಲ. ಶೆಡ್ಡಿನಲ್ಲಿ ನಾನೂ ನಿಂತೇ ಕೈಯೂರಿ ನೋಡಿದ್ದೆನಲ್ಲ.

"ಗರಗಸ ಇದೆ," ಎಂದ ತೇವಿಸ್. "ಕಾಲು ಒಂದಿಷ್ಟು ಕೊಯ್ದರೆ ಆಯ್ತು."

ಎಲ್ಲರೂ ನನ್ನನ್ನು ನೋಡಿದರು. ಆದರೆ ಎಲ್ಲರೂ ಆಗಲೇ ಮೇಜಿನ ಸುತ್ತ ನಿಂತಿದ್ದರು. ತೇವಿಸ್ ಎರಡೂ ಮೊಣಕೈ ಊರಿದ್ದ. ಅಮ್ಮ ಒದ್ದೆ ಕೈಗವಸನ್ನು ಮೇಜಿನ ಮೇಲೆ ಹರಡುತ್ತಿದ್ದಳು. ದೊಡ್ಡಪ್ಪ ಕೇಕಿನ ಡಬ್ಬಿಯ ಮುಚ್ಚಳ ತೆಗೆದಾಗಿತ್ತು.

"ಬೇಡ," ಎಂದೆ. "ಹೀಗೇ ಇರ್ಲಿ. ನಿಂತೇ ತಿನ್ನೋಣ."

ನಿಂತೇ ತಿಂದೆವು. ನಿಂತವರು ಒಂದೆಡೆ ನಿಲ್ಲುವುದಿಲ್ಲ. ಕಾಫಿಗೆ ಆ ಬದಿ, ಕೆನೆಗೆ ಈ ಬದಿ ಸರಿಯುತ್ತಾ ಮಾತುಗಳು ಸಣ್ಣ ಸಣ್ಣ ತುಂಡಾದವು. ನನ್ನ ಪಾಲಿನ ತುಂಡುಗಳು ನನಗೆ ಆಡಲು ಬರುವಷ್ಟೇ ಇದ್ದವು. ಹಗ್ಗದಿಂದ ಕೆಂಪಾದ ಅಂಗೈಗಳನ್ನು ಎಲ್ಲರೂ ತೋರಿಸಿಕೊಂಡರು. ದೊಡ್ಡಮ್ಮನಿಗೆ ಮಾತ್ರ ಕಾಲು ಸೋತಿತ್ತು. ಅದೇ ಹಗ್ಗದಲ್ಲಿ ಹಿಂದೆಯೇ ಮೇಲೆ ಬಂದಿದ್ದ ದುಂಡು ಮೇಜಿನ ಕಂಬಳಿ ಬಿಚ್ಚಿ, ಅದನ್ನು ಕಿಟಕಿಯ ಬಳಿ ಎಳೆದು, ಮಡಚಿದ ಹಲಗೆ ಇಳಿಸಿ, ತಾನೇ ಕಳಿಸಿದ ಬೂದು ಕುರ್ಚಿಯಲ್ಲಿ ಕೂತು, ಬಿಸಿ ಕಾಫಿಯನ್ನು ಹಕ್ಕಿಯ ಬೆನ್ನ ಮೇಲೇ ಇಟ್ಟಳು. ಅಮ್ಮ ಲೋಟದತ್ತ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು.

"ಮೇಜು ಅಂದ್ಮೇಲೆ ಇಡೋದಕ್ಕೇ ತಾನೇ?" ಎಂದಳು ದೊಡ್ಡಮ್ಮ. "ಕೋಣೆ ಪರವಾಗಿಲ್ಲ ಕಣೇ. ಆ ಕುರ್ಚಿಗಳಲ್ಲಿ ಅರ್ಧ ವಾಪಸ್ ಕೊಟ್ಟು ಎತ್ತರದ ಸ್ಟೂಲು ತಗೋ. ರಸೀದಿ ನನ್ನತ್ರ ಇದೆ."

ಕತ್ತಲಾಗುವ ಮುನ್ನ ಅವರು ಹೊರಟರು. ಮೆಟ್ಟಿಲ ಬಾಯಲ್ಲಿ ಅಮ್ಮ ಹಿಂದೆ ಉಳಿದಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಾ, ನನ್ನನ್ನು ನೋಡದೆ ಕೇಳಿದಳು.

"ಹಾಗಾದ್ರೆ ಆ ರೂಮು?"

"ನೀನೇ ಇಟ್ಕೋ ಅಮ್ಮ. ಹಾಸಿಗೆ ತೆಗೆದು ನಿಂಗೆ ಬೇಕಾದ್ದು ಹಾಕ್ಕೋ."

"ಮತ್ತೆ ನೀನು ಬಂದಾಗ?"

"ನಾನು ಬಂದಾಗ ಸೋಫಾ ಮೇಲೆ ಮಲಗ್ತೀನಿ. ಬೇರೆಯವರ ಮನೇಗೆ ಬಂದವರ ಹಾಗೆ."

ಅವಳು ನಕ್ಕಳೋ ಇಲ್ಲವೋ ಆ ಇಕ್ಕಟ್ಟಿನಲ್ಲಿ ತಿಳಿಯಲಿಲ್ಲ. ಮೆಟ್ಟಿಲ ಪಕ್ಕದ ಆಸರೆಯ ಹಗ್ಗ ಹಿಡಿದು ಹಿಂದೆ ಹಿಂದಕ್ಕೆ ಇಳಿಯುತ್ತಾ ಅರ್ಧ ದಾರಿಯಲ್ಲಿ ತಲೆಯೆತ್ತಿ, "ಆ ರೂಮಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬರತ್ತೆ," ಎಂದಳು, ತನಗೇ ಹೇಳಿಕೊಂಡ ಹಾಗೆ. ಒಳಗೆ ಮಾರಿಟ್ ತಟ್ಟೆ ತೊಳೆಯುತ್ತಾ, ಮುಂದಿನ ಶನಿವಾರ ನಾನು ಮನೆಯಲ್ಲಿರುತ್ತೇನೋ ಎಂದು ಕೂಗಿ ಕೇಳುತ್ತಿದ್ದಳು. ಇರುತ್ತೇನೆ ಎಂದು ನಾನೂ ಕೂಗಿ ಹೇಳಿದೆ.